ಬಾಗಿಲು ಮುಚ್ಚದ ಕಾರು

ಕಳೆದ ನವೆಂಬರಿನ ಒಂದು ಭಾನುವಾರ. ರಾತ್ರಿ ಹತ್ತೂವರೆ. ಕೊವೆಂಟ್ರಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ, ಚಳಿಗೆ ಮರಗಟ್ಟಿದ ಕೈಯಲ್ಲಿ, ನಾನು ಒಂದು ಕಾರಿನ ಬಾಗಿಲನ್ನು ಇಪ್ಪತ್ತನೇ ಸಲವೋ ಏನೋ ತಳ್ಳುತ್ತಿದ್ದೆ. ಅದು ಮುಚ್ಚುತ್ತಿರಲಿಲ್ಲ. ಬೆಳಿಗ್ಗೆ ಮುಚ್ಚುತ್ತಿತ್ತು. ನಡುವೆ ಆಗಿದ್ದಿಷ್ಟೇ: ಅದನ್ನು ನಾನು 'ರಿಪೇರಿ' ಮಾಡಿದ್ದೆ.

ಕಾರು 1972ರ ಎಂಜಿಬಿ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಚಾವಣಿ. ಆಕ್ಸ್‌ಫರ್ಡ್ ಪಕ್ಕದ ಆಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಮಾಡೆಲ್ ಇದು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅದಕ್ಕೇ ಇಂಗ್ಲೆಂಡಿನಲ್ಲಿ ಇವತ್ತಿಗೂ ಇದರ ಸ್ಕ್ರೂನಿಂದ ಹಿಡಿದು ಇಡೀ ಬಾಡಿಯವರೆಗೆ ಎಲ್ಲ ಹೊಸದಾಗಿ ಸಿಗುತ್ತದೆ. ಹಳೇ ಅಚ್ಚುಗಳನ್ನೇ ಹುಡುಕಿ ತಂದು 1988ರಲ್ಲಿ ಹೊಸ ಬಾಡಿ ಮಾಡಲು ಶುರು ಮಾಡಿದರು ಅಂದರೆ ಲೆಕ್ಕ ಹಾಕಿ. 'ಮನೇಲೇ ಕಲಿಯೋಕೆ ಇದಕ್ಕಿಂತ ಸುಲಭದ ಸ್ಪೋರ್ಟ್ಸ್ ಕಾರು ಇಲ್ಲ' ಅಂತ ಎಲ್ಲರೂ ಹೇಳಿದರು. ನಂಬಿ ತಗೊಂಡೆ.

ಹೊಳೆಯುವ ಕೆಂಪು ಬಣ್ಣ. ಮನೆಗೆ ತಂದ ಮೇಲೆ ಬಾಗಿಲ ಕೆಳಗಿನ ಪಟ್ಟಿಗೆ ಆಯಸ್ಕಾಂತ ಹಿಡಿದು ನೋಡಿದೆ. ಅಂಟಲಿಲ್ಲ. ಅಲ್ಲಿ ಕಬ್ಬಿಣವೇ ಇರಲಿಲ್ಲ, ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಒಳಗೆಲ್ಲ ತುಕ್ಕು. (ಹಳೇ ಗಾಡಿ ನೋಡೋಕೆ ಹೋಗುವಾಗ ಜೇಬಲ್ಲಿ ಫ್ರಿಜ್ ಮ್ಯಾಗ್ನೆಟ್ ಇಟ್ಕೊಳ್ಳಿ. ನಾನು ಕೊಂಡ ಮೇಲೆ ಇಟ್ಕೊಂಡೆ.)

ಆ ಪಟ್ಟಿಗೆ 'ಸಿಲ್' ಅನ್ನುತ್ತಾರೆ. ನೋಡೋಕೆ ಹೊಸಿಲು ಇದ್ದ ಹಾಗೆ, ಅಲಂಕಾರ ಅನ್ನಿಸುತ್ತದೆ. ಆದರೆ ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚಾಸಿ. ಮೇಲೆ ಚಾವಣಿಯೂ ಇಲ್ಲ. ರಟ್ಟಿನ ಡಬ್ಬಿಗೆ ಮುಚ್ಚಳ ಇದ್ದಾಗ ಗಟ್ಟಿ, ಮುಚ್ಚಳ ತೆಗೆದರೆ ನುಲಿಯುತ್ತದೆ ಅಲ್ವಾ, ಹಾಗೆ. ಆ ಕೊರತೆಯನ್ನು ತುಂಬುವುದು ಈ ಸಿಲ್‌ಗಳು. ಹೊರಗೊಂದು ತಗಡು, ಒಳಗೊಂದು, ಎರಡರ ನಡುವೆ ನೆಟ್ಟಗೆ ನಿಂತ ಮೂರನೆಯದು. ಈ ಮೂರು ಸೇರಿದ ಪೆಟ್ಟಿಗೆಯೇ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಸೇರಿಸಿ ಹಿಡಿದಿರುವ ಬೆನ್ನುಮೂಳೆ.

ನಾನು ಏನು ಮಾಡಿದೆ? ವಿಡಿಯೋ ನೋಡಿ ವೆಲ್ಡಿಂಗ್ ಕಲಿತೆ. ಸೀಟಿನ ಹಿಂದಿರುವ ಎರಡು ಆರು ವೋಲ್ಟ್ ಬ್ಯಾಟರಿ ಬಿಚ್ಚಿದೆ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟೆ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟೆ. ಇಷ್ಟು ಸರಿ. ಆಮೇಲೆ ಕಾರಿನ ಮುಂದೆ ಎರಡು, ಹಿಂದೆ ಎರಡು ಸ್ಟ್ಯಾಂಡ್ ಕೊಟ್ಟು ಎತ್ತಿ ನಿಲ್ಲಿಸಿ, ಗ್ರೈಂಡರ್ ಹಿಡಿದು ಸಿಲ್ ಕತ್ತರಿಸಿದೆ. ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದೆ. ಬಾಗಿಲು ಹಾಕಲು ಹೋದರೆ ಮೇಲಿನ ಹಿಂಬದಿ ಮೂಲೆ ಕಂಬಕ್ಕೆ ಬಡಿಯುತ್ತಿದೆ.

ಬೆನ್ನುಮೂಳೆ ಕತ್ತರಿಸಿದ ಕ್ಷಣ ಕಾರಿನ ನಡು ಹಗ್ಗದ ಮಂಚದ ಹಾಗೆ ಜಗ್ಗಿತ್ತು. ಜಗ್ಗಿದ್ದನ್ನೇ ನಾನು ಭದ್ರವಾಗಿ ವೆಲ್ಡ್ ಮಾಡಿದ್ದೆ.

ಅವತ್ತು ರಾತ್ರಿ ಇದನ್ನು ಗುಜರಿಗೆ ಹಾಕೋಣ ಅಂತಲೇ ನಿರ್ಧರಿಸಿದ್ದೆ. "ರೀ, ಮಾವನ್ನ ಒಂದ್ಸಲ ಕೇಳಿ" ಅಂದಳು ಹೆಂಡತಿ.

ಕೇಳಬಾರದು ಅಂತಲೇ ಇಷ್ಟು ದಿನ ಕಾರಿನ ವಿಷಯ ಅಪ್ಪನಿಗೆ ಹೇಳಿರಲಿಲ್ಲ. ಅಪ್ಪ ಹಾಸನದಲ್ಲಿ ಬಸ್ ಡಿಪೋದ ಟಿಂಕರಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವರು. ಹೈಸ್ಕೂಲ್ ರಜೆಯಲ್ಲಿ ಒಮ್ಮೆ ನಾನೂ ಡಿಪೋಗೆ ಬರ್ತೀನಿ ಅಂದಾಗ, "ಕೈ ಕರಿ ಮಾಡ್ಕೊಳೋಕೆ ನಾನೊಬ್ಬ ಸಾಕು, ನೀನು ಓದು" ಅಂದಿದ್ದರು. ಓದಿದೆ. ಸಾಫ್ಟ್‌ವೇರ್ ಬರೆಯುತ್ತೇನೆ. ಈಗ ದುಡಿದ ದುಡ್ಡು ಕೊಟ್ಟು ಕೈ ಕರಿ ಮಾಡಿಕೊಳ್ಳುತ್ತಿದ್ದೇನೆ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಮರುದಿನ ವಿಡಿಯೋ ಕಾಲ್ ಮಾಡಿದೆ. ಬೈಗುಳಕ್ಕೆ ರೆಡಿಯಾಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಫೋನನ್ನು ಮೂಗಿನ ಹತ್ತಿರ ತಂದರು.

"ಬಾಗಿಲ ಸಂದು ತೋರ್ಸು. ಮೇಲ್ಗಡೆದು. ಈಗ ಕೆಳಗಡೆದು. ಕತ್ತರಿಸೋಕೆ ಮುಂಚೆ ಅಡ್ಡಕ್ಕೆ ಏನಾದ್ರೂ ಕೊಟ್ಟಿದ್ಯಾ?"

"ಇಲ್ಲ ಅಪ್ಪ."

"ಗೋಡೆ ಒಡೆಯೋವಾಗ ತೊಲೆಗೆ ಬೊಂಬು ಕೊಡಲ್ವೇನೋ? ತೂಕ ಎಲ್ಲಿ ಕೂತಿದೆ ಅಂತ ನೋಡದೆ ಕತ್ತರಿ ಹಾಕ್ತಾರಾ?"

ಎಂಜಿಬಿಯನ್ನು ಅವರು ಜೀವನದಲ್ಲಿ ನೋಡಿರಲಿಲ್ಲ. ಎರಡೇ ನಿಮಿಷಕ್ಕೆ ರೋಗ ಹಿಡಿದರು.

ಆಮೇಲಿನ ಆರು ವಾರ, ಶನಿವಾರ ಭಾನುವಾರ ನಮ್ಮ ಬೆಳಿಗ್ಗೆ, ಅವರ ಮಧ್ಯಾಹ್ನ, ಫೋನನ್ನು ಪೇಂಟ್ ಡಬ್ಬಕ್ಕೆ ಒರಗಿಸಿ ಕೆಲಸ ಮಾಡಿದೆವು. ಹೊಸ ಸಿಲ್ ಅನ್ನೇ ಮತ್ತೆ ಕತ್ತರಿಸಬೇಕಾಯಿತು. ಅದಕ್ಕೆ ಮುಂಚೆ ಬಾಗಿಲಿನ ಜಾಗದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕದ ಕಬ್ಬಿಣದ ಪೈಪ್, ಎತ್ತರ ಇಳಿತ ಮಾಡುವ ತಿರುಪಿನ ಜೊತೆ. ನಡುವೆ ಜಾಕ್. ಕೂದಲೆಳೆಯಷ್ಟು ಎತ್ತುವುದು, ಬಾಗಿಲು ತೂಗುಹಾಕುವುದು, ಸಂದು ಅಳೆಯುವುದು, ಬಾಗಿಲು ಬಿಚ್ಚುವುದು. ಸುತ್ತ ಸಂದು ಒಂದೇ ಸಮ ಬಂದ ಮೇಲೆ ಅಲ್ಲಲ್ಲಿ ಚುಕ್ಕೆ ವೆಲ್ಡ್. ಮತ್ತೆ ಬಾಗಿಲು ಹಾಕಿ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಅದೂ ಒಂದೇ ಕಡೆ ಎಳೆಯುವ ಹಾಗಿಲ್ಲ, ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು ಇಂಚು, ಅಲ್ಲೊಂದು ಇಂಚು.

ಬೇಸಿಕ್ ಸರಿಯಾದ ಮೇಲೆ ಮಾಡಿಫಿಕೇಶನ್ ಮಾತು ಬಂತು. ಮಗಳಿಗೆ ಎಲೆಕ್ಟ್ರಿಕ್ ಮೋಟಾರ್ ಬೇಕು. ನನಗೆ ವಿ8 ಆಸೆ. ಕಂಪನಿಯೇ 1973ರಲ್ಲಿ ಎಂಜಿಬಿ ಜಿಟಿಗೆ 3.5 ಲೀಟರಿನ ವಿ8 ಕೂರಿಸಿ ಮಾರಿತ್ತಲ್ಲ! ಅಪ್ಪನ ಪ್ರಶ್ನೆ ಒಂದೇ: "ನಾಳೆ ಬೇಡ ಅನ್ನಿಸಿದ್ರೆ ವಾಪಸ್ ಮೊದಲಿನ ಹಾಗೆ ಮಾಡಕ್ಕಾಗುತ್ತಾ?"

ಆ ಪ್ರಶ್ನೆ ಇಟ್ಟುಕೊಂಡು ಪಟ್ಟಿ ಮಾಡಿದೆ.

ಸಿಬಿ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್: ಮಾಡಿದೆ. ಹಳೇ ಡಿಸ್ಟ್ರಿಬ್ಯೂಟರ್ ಒಳಗೇ ಕೂರುತ್ತದೆ. ದಾರಿಯಲ್ಲಿ ಕೈಕೊಟ್ಟರೆ ಹಳೇ ಪಾಯಿಂಟ್ ಹಾಕಿ ಮನೆಗೆ ಬರಬಹುದು.

ಪೆಟ್ರೋಲ್ ಪೈಪು: ಬದಲಿಸಲೇಬೇಕಿತ್ತು. ಇಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್‌ನಲ್ಲಿ ಶೇ. 10ರವರೆಗೆ ಎಥನಾಲ್. ಹಳೇ ರಬ್ಬರ್ ಅದಕ್ಕೆ ಮೆತ್ತಗಾಗಿ ಬಿರಿಯುತ್ತದೆ. ಇ20 ಹಾಕಿಸುತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೈರಿಂಗ್: ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಕಂದು ವೈರಿನಲ್ಲಿ ಸದಾ ಕರೆಂಟು, ಬಿಳಿಯದರಲ್ಲಿ ಕೀ ತಿರುಗಿಸಿದರೆ ಮಾತ್ರ, ಕಪ್ಪು ಅರ್ಥ್. ಕಂದು ವೈರಿಗೆ ಫ್ಯೂಸೇ ಇರಲಿಲ್ಲ. ಒಂದು ಸೇರಿಸಿದೆ.

ಸಿಲಿಂಡರ್ ಹೆಡ್: ಈ ಎಂಜಿನ್ ಸೀಸ ಬೆರೆತ ಪೆಟ್ರೋಲ್ ಕಾಲದ್ದು. ಆ ಸೀಸವೇ ವಾಲ್ವ್ ಸೀಟನ್ನು ಸವೆಯದಂತೆ ಕಾಯುತ್ತಿತ್ತು. ಈಗ ಅದಿಲ್ಲ, ಹಾಗಾಗಿ ಗಟ್ಟಿ ಸೀಟು ಕೂರಿಸಬೇಕು. ಇದು ಮಾತ್ರ ವಾಪಸ್ ಹೋಗದ ಬದಲಾವಣೆ. ಲೇತ್ ಕೆಲಸ ಗೊತ್ತಿರುವವರ ಕೈಗೇ ಕೊಟ್ಟೆ.

ವಿ8, ಮೋಟಾರ್: ಇಲ್ಲ. ಬಾಡಿ ಕತ್ತರಿಸಬೇಕಾಗಿ ಬರಬಹುದು. ಕತ್ತರಿಸಿದ್ದು ಸಾಕಾಗಿತ್ತು.

ಊರಲ್ಲಿ ಅಜ್ಜನ ಫಿಯೆಟ್ಟೋ ಮೈಸೂರಿನ ಜಾವಾನೋ ಶೆಡ್ಡಲ್ಲಿ ನಿಂತಿದ್ದರೆ ನಿಮಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ಆದರೆ ಚಾಸಿ, ಬಾಡಿ, ಎಂಜಿನ್ ಬಹಳ ಬದಲಾಗಿರಬಾರದು. ಅಂದಮೇಲೆ ಮೊದಲು ಫೋಟೋ ತೆಗೀರಿ, ಬಿಚ್ಚಿದ್ದನ್ನು ಹೆಸರು ಬರೆದು ಕವರಿಗೆ ಹಾಕಿ. ಯಾವ ಹಳೇ ಪಾರ್ಟನ್ನೂ ಎಸೀಬೇಡಿ. ಗ್ರೈಂಡರ್ ಕೊನೆಗೆ.

ಈ ಜೂನ್‌ನಲ್ಲಿ ಅಪ್ಪ ಅಮ್ಮ ಬಂದರು. ಸಾಮಾನು ಒಳಗಿಡುವ ಮೊದಲೇ ಅಪ್ಪ ಗ್ಯಾರೇಜಿಗೆ ನಡೆದರು. ಬಣ್ಣ ನೋಡಲಿಲ್ಲ, ಎಂಜಿನ್ ನೋಡಲಿಲ್ಲ. ಬಲಬಾಗಿಲು ತೆಗೆದರು, ಮುಚ್ಚಿದರು. ಮತ್ತೆ ತೆಗೆದು, ಎರಡೇ ಬೆರಳಲ್ಲಿ ಮೆಲ್ಲಗೆ ತಳ್ಳಿದರು. 'ಟಕ್' ಅಂತ ಕೂತಿತು. ಸಂದಿನ ಉದ್ದಕ್ಕೂ ಹೆಬ್ಬೆರಳಿನ ಉಗುರು ಓಡಿಸಿದರು. ಚೆನ್ನಾಗಿದೆ ಅಂತ ಹೇಳಲಿಲ್ಲ.

ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಉಗುರಿನ ಸಂದಿಯ ಗ್ರೀಸ್ ಎಷ್ಟು ತೊಳೆದರೂ ಹೋಗಿರಲಿಲ್ಲ.

"ಸೀಮೆಎಣ್ಣೆ ಇಲ್ಲಿ ಸಿಗಲ್ವಾ? ಸಕ್ಕರೆಗೆ ಒಂಚೂರು ಕೊಬ್ಬರಿ ಎಣ್ಣೆ ಹಾಕ್ಕೊಂಡು ಉಜ್ಜು, ಹೋಗುತ್ತೆ" ಅಂದರು. ಆಮೇಲೆ ಎಡಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಒಳಗೆ ಕೂತು, "ಅಮ್ಮ ಟೀ ಮಾಡೋದ್ರೊಳಗೆ ಒಂದು ರೌಂಡ್ ಹೋಗ್ಬರೋಣ, ನಡಿ" ಅಂದರು.