‘ವಾಸ್’ ಅಂದವನ ತಪ್ಪೇನು?

ಕಳೆದ ವರ್ಷ ನಮ್ಮ ಆಫೀಸಿನಲ್ಲಿ ಒಂದು ರಿಲೀಸ್ ಕೆಟ್ಟಿತು. ಹಿಂದಿನ ರಾತ್ರಿ ಯಾರೋ ಒಂದು ಸೆಟ್ಟಿಂಗ್ ಬದಲಿಸಿದ್ದರು, ಯಾರಿಗೂ ಹೇಳಿರಲಿಲ್ಲ. ನಮ್ಮ ತಂಡದ ಹುಡುಗನೊಬ್ಬ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಎಲ್ಲರಿಗೂ ಮೇಲ್ ಹಾಕಿದ: ‘ನೈದರ್ ದಿ ಮ್ಯಾನೇಜರ್ ನಾರ್ ದಿ ಟೆಸ್ಟರ್ಸ್ ವಾಸ್ ಇನ್ಫಾರ್ಮ್ಡ್.’ ಬದಲಿಸಿದ್ದು ಯಾರು ಅಂತಲೂ ಕೇಳಿದ್ದ. ಐದೇ ನಿಮಿಷದಲ್ಲಿ ಹಿರಿಯರೊಬ್ಬರ ರಿಪ್ಲೈ ಆಲ್ ಬಂತು: ‘ವಾಸ್ ಅಲ್ಲ, ವರ್.’ ಪಕ್ಕದಲ್ಲೊಂದು ನಗುವ ಇಮೋಜಿ. ಆಮೇಲೆ ಆ ಥ್ರೆಡ್ಡಿನಲ್ಲಿ ಸೆಟ್ಟಿಂಗಿನ ಸುದ್ದಿಯೇ ಬರಲಿಲ್ಲ.

ನಿಯಮದ ಪ್ರಕಾರ ಹಿರಿಯರು ಹೇಳಿದ್ದು ಸರಿ. ನೈದರ್–ನಾರ್ ಜೋಡಿಯಲ್ಲಿ ಕ್ರಿಯಾಪದ ತನ್ನ ಹತ್ತಿರದ ಹೆಸರಿನ ಮಾತು ಕೇಳುತ್ತೆ. ಟೆಸ್ಟರ್ಸ್ ಹತ್ತಿರವಿದ್ದರೆ ‘ವರ್’; ಜಾಗ ಅದಲುಬದಲು ಮಾಡಿ ಮ್ಯಾನೇಜರನ್ನು ಹತ್ತಿರ ತಂದರೆ ‘ವಾಸ್’. ಎರಡು ನಿಮಿಷದ ಪಾಠ. ಕಲಿಯೋಣ, ಕ್ಲೈಂಟಿಗೆ ಹೋಗುವ ಕಾಗದದಲ್ಲಿ ಪಾಲಿಸೋಣ. ನನ್ನ ತಕರಾರು ಅದಲ್ಲ.

ಆದರೆ ಇದೇನು ಗುರುತ್ವಾಕರ್ಷಣೆಯ ನಿಯಮ ಅಲ್ವಲ್ಲ ಸ್ವಾಮಿ! ‘ನೈದರ್ ಯೂ ನಾರ್ ಐ’ ಆದಮೇಲೆ ನಿಯಮದಂತೆ ‘ಆಮ್’ ಹಾಕಿ ಓದಿ ನೋಡಿ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತೆ. ನೈದರ್ ಒಂಟಿಯಾಗಿ ಬಂದರೆ ಏಕವಚನವೇ ಆಗಬೇಕು ಎಂದು ಫೌಲರ್ 1926ರ ತಮ್ಮ ಕೈಪಿಡಿಯಲ್ಲಿ ಬರೆದರು. ಅವರಿಗೂ ಮುನ್ನೂರು ವರ್ಷ ಮೊದಲೇ ಶೇಕ್ಸ್‌ಪಿಯರ್ ‘ಸಿಂಬಲಿನ್’ ನಾಟಕದಲ್ಲಿ ಅದಕ್ಕೆ ಬಹುವಚನ ಹಾಕಿ ಆಗಿತ್ತು. ಯಾರೂ ರಿಪ್ಲೈ ಆಲ್ ಮಾಡಲಿಲ್ಲ.

ವಾರದ ನಂತರ ಅದೇ ಹಿರಿಯರು ಮೀಟಿಂಗಿನಲ್ಲಿ ‘ನೈದರ್ ಆಫ್ ದೆಮ್ ಆರ್ ರೆಡಿ’ ಅಂದರು. ಫೌಲರ್ ಲೆಕ್ಕದಲ್ಲಿ ಅದೂ ತಪ್ಪೇ. ಯಾರೂ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಅವರದು ಕಾನ್ವೆಂಟ್ ಉಚ್ಚಾರಣೆ ನೋಡಿ, ಕಿವಿಗೆ ತಪ್ಪು ಕೇಳಿಸೋದೇ ಇಲ್ಲ. ಅವರ ಬಾಯಲ್ಲಿ ಅದು ಸ್ಟೈಲ್, ಇವನ ಮೇಲ್‌ನಲ್ಲಿ ಅಜ್ಞಾನ. ಹಾಗಾದರೆ ನಾವು ಅಳೆಯುತ್ತಿರುವುದು ವ್ಯಾಕರಣವನ್ನೋ, ಓದಿದ ಶಾಲೆಯ ಫೀಸನ್ನೋ?

ಇವನು ಯಾವ ಭಾಷೆಯಿಂದ ಬಂದವನು ಅನ್ನೋದನ್ನೂ ಸ್ವಲ್ಪ ನೋಡಿ. ಕನ್ನಡದಲ್ಲಿ ಬಂದನು, ಬಂದಳು, ಬಂದರು ಅಂತ ಕ್ರಿಯಾಪದ ಲಿಂಗ, ವಚನ ಎರಡನ್ನೂ ವಿಚಾರಿಸುತ್ತೆ. ನಿಷೇಧ ಬಂದ ಕೂಡಲೇ ಎಲ್ಲರೂ ಸಮಾನರು: ಅವನೂ ಬರಲಿಲ್ಲ, ಅವಳೂ ಬರಲಿಲ್ಲ, ಅವರೂ ಬರಲಿಲ್ಲ. ನಮ್ಮ ‘ಇಲ್ಲ’ ಯಾರ ಪಕ್ಕ ಕೂತರೂ ಬಣ್ಣ ಬದಲಿಸಲ್ಲ. ಇಂಥ ಭಾಷೆಯಲ್ಲಿ ಬೆಳೆದವನು ‘ನಾರ್’ ಮುಂದೆ ಒಂದು ಕ್ಷಣ ಎಡವಿದರೆ ಅದರಲ್ಲಿ ನಗುವಂಥದ್ದೇನಿದೆ?

ಆ ಹುಡುಗ ಈಗ ಎಲ್ಲರಿಗೂ ಮೇಲ್ ಹಾಕೋದು ಬಿಟ್ಟಿದ್ದಾನೆ. ಮೊನ್ನೆ ಇನ್ನೊಂದು ರಿಲೀಸ್ ಕೆಟ್ಟಾಗ ಗೊತ್ತಾಯ್ತು, ಅವನಿಗೆ ಎರಡು ದಿನ ಮೊದಲೇ ಸುಳಿವು ಸಿಕ್ಕಿತ್ತು. ಯಾಕಪ್ಪಾ ಹೇಳಲಿಲ್ಲ ಅಂದರೆ, ‘ಬಿಡಿ, ಮತ್ತೆ ಇಂಗ್ಲಿಷಲ್ಲಿ ಬರೀಬೇಕಲ್ಲ’ ಅಂದ.

ತಿದ್ದಲೇಬೇಕು ಅನ್ನಿಸಿದರೆ ಪಕ್ಕಕ್ಕೆ ಕರೆದು, ಕಾಫಿ ಕುಡೀತಾ ತಿದ್ದಿ. ಅದಕ್ಕೂ ಮೊದಲು ಅವನು ಕೇಳಿದ್ದಕ್ಕೆ ಉತ್ತರ ಕೊಡಿ. ಆ ಸೆಟ್ಟಿಂಗ್ ಬದಲಿಸಿದ್ದು ಯಾರು?