ಗಾಡಿ ಸರಿ, ಕಕ್ಕಸಿನ ನೀರು ಎಲ್ಲಿಗೆ?

ನನ್ನ ದೊಡ್ಡಪ್ಪನ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಹೆಂಡತಿ, ಮಕ್ಕಳ ಜೊತೆ ಬಾಡಿಗೆ ಆರ್‌ವಿಯಲ್ಲಿ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಹೋಗಿದ್ದ. ಹೋಗುವುದೇ ಸಾವಿರ ಕಿಲೋಮೀಟರಿಗೂ ಹೆಚ್ಚು. ಆರ್‌ವಿ ಅಂದರೆ ಚಕ್ರದ ಮೇಲಿನ ಮನೆ: ಮಂಚ, ಒಲೆ, ಫ್ರಿಜ್ಜು, ಕಕ್ಕಸು ಎಲ್ಲ ಒಳಗೇ. ವಿಡಿಯೊ ಕಾಲ್‌ನಲ್ಲಿ ಅವನು ಅದನ್ನೆಲ್ಲ ತೋರಿಸುತ್ತಿದ್ದರೆ ನಮ್ಮ ಅಜ್ಜಿ ಕೇಳಿದ್ದು ಒಂದೇ ಮಾತು: "ಅದೆಲ್ಲ ಸರಿ ಕಣೋ, ಆ ಕಕ್ಕಸಿನ ನೀರು ಎಲ್ಲಿಗೆ ಬಿಡ್ತೀರಿ?"

ನಾವೆಲ್ಲ ನಕ್ಕೆವು. ಅಣ್ಣ ನಗಲಿಲ್ಲ. "ಅಜ್ಜಿ, ದಾರಿಯುದ್ದಕ್ಕೂ ನನಗೆ ಅದೇ ತಲೆಬಿಸಿ" ಅಂದ.

ಅವನು ಹೇಳಿದ್ದು ಹೀಗೆ. ಗಾಡಿಯ ಅಡಿಯಲ್ಲಿ ಮೂರು ಟ್ಯಾಂಕ್. ಒಂದರಲ್ಲಿ ಒಳ್ಳೆ ನೀರು, ಇನ್ನೊಂದರಲ್ಲಿ ಸ್ನಾನ ಮತ್ತು ಪಾತ್ರೆ ತೊಳೆದ ನೀರು, ಮೂರನೆಯದು ಕಕ್ಕಸಿನದು. ಕೊನೆಯ ಎರಡು ತುಂಬುತ್ತಾ ಬಂದರೆ ಡಂಪ್ ಸ್ಟೇಷನ್ ಎಂಬ ಜಾಗಕ್ಕೆ ಹೋಗಬೇಕು. ಕೈಗವಸು ಹಾಕಿಕೊಂಡು, ಗಾಡಿಯ ದಪ್ಪ ಪೈಪನ್ನು ನೆಲದಲ್ಲಿರುವ ಚರಂಡಿಯ ಬಾಯಿಗೆ ಜೋಡಿಸಬೇಕು. ಮೊದಲು ಕಕ್ಕಸಿನ ಟ್ಯಾಂಕ್ ಬಿಡಬೇಕು, ಆಮೇಲೆ ಸ್ನಾನದ್ದು. ಆಗ ಆ ನೀರಿಗೆ ಪೈಪು ತೊಳೆದು ಹೋಗುತ್ತದೆ. ಇದನ್ನು ಮಾಡಿಕೊಡಲು ಅಲ್ಲಿ ಯಾರೂ ನಿಂತಿರುವುದಿಲ್ಲ. ನಮ್ಮ ಮನೆಯ ಸಾಫ್ಟ್‌ವೇರ್ ಇಂಜಿನಿಯರ್ ತನ್ನ ಸಂಸಾರದ ಹೊಲಸನ್ನು ತಾನೇ ಖಾಲಿ ಮಾಡಿ ಬಂದ. ಊರಿನಲ್ಲಿದ್ದಾಗ ಅವನು ಬಚ್ಚಲು ತೊಳೆದಿದ್ದನ್ನು ನಾನಂತೂ ನೋಡಿಲ್ಲ.

ಯೆಲ್ಲೋಸ್ಟೋನ್ ಒಳಗೆ ನೀರು, ಕರೆಂಟು, ಚರಂಡಿ ಮೂರನ್ನೂ ಗಾಡಿಗೆ ಜೋಡಿಸಿಕೊಳ್ಳುವ ಸೌಲಭ್ಯ ಇರುವುದು ಫಿಶಿಂಗ್ ಬ್ರಿಡ್ಜ್ ಎಂಬ ಒಂದೇ ಕಡೆ. ಕರಡಿ ಕಾಟದಿಂದಾಗಿ ಅಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಯೇ ಬೇಕು. ಅಣ್ಣನಿಗೆ ಅಲ್ಲಿ ಜಾಗ ಸಿಗಲಿಲ್ಲ. ಮ್ಯಾಡಿಸನ್ ಎಂಬ ಕ್ಯಾಂಪ್‌ಗ್ರೌಂಡ್‌ನಲ್ಲಿ ಉಳಿದ. ಅಲ್ಲಿ ಗಾಡಿಗೆ ಕರೆಂಟಿಲ್ಲ, ಆದರೆ ಡಂಪ್ ಸ್ಟೇಷನ್ ಇದೆ. ರಾತ್ರಿ 10ರ ಮೇಲೆ ಗಲಾಟೆ ಮಾಡುವ ಹಾಗಿಲ್ಲ. ಊಟದ ಡಬ್ಬಿಯನ್ನೂ ಹೊರಗೆ ಬಿಡುವ ಹಾಗಿಲ್ಲ, ಕರಡಿ ಬರುತ್ತದೆ. ದೂರದ ಊರಿಂದ ಸೌದೆ ತರಬೇಡಿ ಅಂತಲೂ ಆ ದೇಶದಲ್ಲಿ ಹೇಳುತ್ತಾರೆ. 2002ರಲ್ಲಿ ಮಿಷಿಗನ್‌ನಲ್ಲಿ ಕಂಡ ಒಂದು ಹಸಿರು ಹುಳ ಹೀಗೆ ಸೌದೆಯ ಜೊತೆ ಊರೂರು ಹಬ್ಬಿ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ.

ಅಲ್ಲಿ ಎಲ್ಲ ಚಂದ ಅಂತ ನಾನು ಹೇಳುತ್ತಿಲ್ಲ. ಬಾಡಿಗೆ ಕಟ್ಟಲಾಗದೆ ವಯಸ್ಸಾದ ಮೇಲೆ ಇಂಥ ಗಾಡಿಯಲ್ಲೇ ಬದುಕುವವರೂ ಆ ದೇಶದಲ್ಲಿದ್ದಾರೆ. ಅದು ಇನ್ನೊಂದು ದಿನದ ಕಥೆ.

ನಾನು ಇದನ್ನು ಬರೆಯುತ್ತಿರುವುದು ನಮ್ಮೂರ ಹೊಳೆಗಾಗಿ. ಇಂಥ ಗಾಡಿಗಳು, ನಮ್ಮಲ್ಲಿ ಕ್ಯಾರವಾನ್ ಅನ್ನುತ್ತಾರೆ, ಈಗ ಕರ್ನಾಟಕದಲ್ಲೂ ಬಾಡಿಗೆಗೆ ಸಿಗುತ್ತವೆ. ಹೋದ ವರ್ಷ ಒಂದು ಗಾಡಿ ನಮ್ಮ ಹೊಳೆ ದಂಡೆಯಲ್ಲಿ ಎರಡು ರಾತ್ರಿ ನಿಂತಿತ್ತು. ಊರ ಹುಡುಗರೆಲ್ಲ ಸೆಲ್ಫಿ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಅದು ಹೋದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಲಾಗದಷ್ಟು ವಾಸನೆ. ಹೆಂಗಸರು ನಾಲ್ಕು ದಿನ ಆ ಕಡೆ ಹೋಗಲಿಲ್ಲ.

ಬಂದವರನ್ನು ಓಡಿಸಿ ಅಂತ ನಾನು ಹೇಳುವುದಿಲ್ಲ. ಅಂಗಡಿಗೆ ವ್ಯಾಪಾರ ಆಗುತ್ತದೆ, ಹಾಲು, ಮೊಟ್ಟೆ ಖರ್ಚಾಗುತ್ತದೆ. ಆದರೆ ನಮ್ಮಲ್ಲಿ ಗಾಡಿ ಮೊದಲು ಬಂತು, ಅದು ನಿಲ್ಲುವ ಜಾಗದ ಬಗ್ಗೆ ಯಾರೂ ಯೋಚಿಸಿದಂತಿಲ್ಲ. ಡಂಪ್ ಸ್ಟೇಷನ್ ಇಲ್ಲದ ಕಡೆ ಆ ಟ್ಯಾಂಕ್ ಹೊಳೆಗೆ ಖಾಲಿಯಾಗುತ್ತದೆ, ಇಲ್ಲವೇ ಯಾರೋ ಬಡವನ ಕೈಯಿಂದ ಖಾಲಿಯಾಗುತ್ತದೆ. ಆ ಬಡವ ಯಾವ ಕೇರಿಯಿಂದ ಬರುತ್ತಾನೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಮನುಷ್ಯರ ಕೈಯಲ್ಲಿ ಮಲ ಎತ್ತಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ನಮ್ಮ ಪಂಚಾಯಿತಿಯವರು ಹೊಳೆ ದಂಡೆಯಲ್ಲಿ ಕ್ಯಾರವಾನ್ ನಿಲ್ಲಿಸಲು ಜಾಗ ಮಾಡುವ ಮಾತಾಡುತ್ತಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ನಾನು ಅಜ್ಜಿಯ ಪ್ರಶ್ನೆಯನ್ನೇ ಕೇಳುತ್ತೇನೆ. ಜೊತೆಗೆ ಇನ್ನೆರಡು: ಗುಂಡಿ ತುಂಬಿದರೆ ಸಕ್ಕಿಂಗ್ ಮಷಿನ್ ಎಲ್ಲಿಂದ ತರಿಸುತ್ತೀರಿ, ಅದರ ದುಡ್ಡು ಯಾರು ಕೊಡುತ್ತಾರೆ?