ಮೊಬೈಲಿನ ಚಾರ್ಜರೂ ಮನೆಯ ವಿದ್ಯುತ್ತಿನ ಮಿತವ್ಯಯವೂ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಒಕ್ಕಲಿಗರಿಗೆ ಯಂತ್ರಬಲದ ಪರಿಚಯವು ನಿನ್ನೆ ಮೊನ್ನೆಯದಲ್ಲ. ಘಟಪ್ರಭೆಯ ಧಬಧಬೆಯ ನೀರಿನ ಬಲದಿಂದ ಗೋಕಾಕದ ನೂಲಿನ ಗಿರಣಿಯು ೧೯ನೆಯ ಶತಮಾನದಲ್ಲಿಯೇ ನಡೆಯತೊಡಗಿತು. ಹಿಡಕಲ್ಲಿನ ಅಣೆಕಟ್ಟಿನ ಬಳಿ ೩೨ ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ೧೯೬೯ರಲ್ಲಿ ಹುಟ್ಟಿ, ದೇಶದಲ್ಲಿ ಮೊದಲು ಸ್ಥಾಪಿತವಾದ ಇಂಥ ಐದು ಸಂಘಗಳಲ್ಲಿ ಒಂದೆನಿಸಿತು. ವಿದ್ಯುತ್ತನ್ನು ಪಡೆಯುವುದರಲ್ಲಿ ಹೀಗೆ ಮುಂದಾದ ನಾವು, ಅದನ್ನು ಎಚ್ಚರದಿಂದ ಬಳಸುವುದರಲ್ಲಿ ಮಾತ್ರ ಹಿಂದುಳಿದಿರುವೆವೆಂದು ಹೇಳಬೇಕಾಗಿದೆ.

ಒಕ್ಕಲುತನದ ಪತ್ರಿಕೆಯಲ್ಲಿ ಮೊಬೈಲಿನ ಮಾತೇಕೆಂದು ಕೆಲವರು ಕೇಳಬಹುದು. ಪೇಟೆಯ ಧಾರಣೆ, ಮಳೆಯ ಮುನ್ಸೂಚನೆ, ಬೆಳೆ ಸಮೀಕ್ಷೆ, ಪಂಪು ಹಚ್ಚುವುದು ಆರಿಸುವುದು ಮೊದಲಾದುವೆಲ್ಲ ಈಗ ಆ ಪೆಟ್ಟಿಗೆಯಿಂದಲೇ ನಡೆಯುತ್ತಿರುವುದರಿಂದ, ಅದು ಕುಡ, ಕುಂಟೆಗಳಂತೆಯೇ ಒಕ್ಕಲಿಗನ ಉಪಕರಣವಾಗಿದೆ. ಉಪಕರಣವೆಂದ ಮೇಲೆ ಅದರ ಗುಣದೋಷಗಳನ್ನು ತಿಳಿದಿರುವುದು ಅವಶ್ಯ.

ಮೊದಲು ಖರ್ಚಿನ ಲೆಕ್ಕವನ್ನು ನೋಡೋಣ. ಒಂದು ಮೊಬೈಲನ್ನು ದಿನಕ್ಕೊಮ್ಮೆ ಪೂರ್ಣವಾಗಿ ತುಂಬಿಸಿದರೂ ತಿಂಗಳಿಗೆ ಒಂದು ಯೂನಿಟ್ಟು ಸಹ ಹಿಡಿಯುವುದಿಲ್ಲ. ಮೊಬೈಲನ್ನು ತೆಗೆದ ಮೇಲೆ ಒಳ್ಳೆಯ ಚಾರ್ಜರು ಗೋಡೆಯಲ್ಲಿ ವರ್ಷವಿಡೀ ಹಾಗೆಯೇ ಇದ್ದರೂ ಹೋಗುವುದು ಎರಡು ಮೂರು ಯೂನಿಟ್ಟು. ಆದರೆ ದನದ ಕೊಟ್ಟಿಗೆಯಲ್ಲಿ ೧೦೦ ವ್ಯಾಟಿನ ಹಳೆಯ ದೀಪವೊಂದು ರಾತ್ರಿ ೧೦ ತಾಸು ಉರಿದರೆ ತಿಂಗಳಿಗೆ ೩೦ ಯೂನಿಟ್ಟು; ಅದೇ ಜಾಗದಲ್ಲಿ ೯ ವ್ಯಾಟಿನ ಎಲ್‌ಇಡಿ ದೀಪವಿದ್ದರೆ ಮೂರು ಯೂನಿಟ್ಟಿಗೂ ಕಡಿಮೆ. ೧೫೦೦ ವ್ಯಾಟಿನ ನೀರು ಕಾಯಿಸುವ ಸರಳನ್ನು ದಿನಕ್ಕೆ ಒಂದು ತಾಸು ಹಚ್ಚಿದರೆ ತಿಂಗಳಿಗೆ ೪೫ ಯೂನಿಟ್ಟು. ೭೫ ವ್ಯಾಟಿನ ಫ್ಯಾನು ದಿನಕ್ಕೆ ೧೦ ತಾಸು ತಿರುಗಿದರೆ ೨೨ ಯೂನಿಟ್ಟಿನ ಮೇಲೆ. ಹೊಸ ಬಗೆಯ ೩೦ ವ್ಯಾಟಿನ ಫ್ಯಾನಿಗೆ ೯ ಸಾಕು. ಆದುದರಿಂದ ಚಾರ್ಜರನ್ನು ಕಿತ್ತಿಟ್ಟು ದೊಡ್ಡ ಉಳಿತಾಯ ಮಾಡಿದೆನೆಂದು ತಿಳಿಯುವವನು, ಕಣದಲ್ಲಿ ಚೆಲ್ಲಿದ ಕಾಳನ್ನು ಆರಿಸುತ್ತ ಹಗೇವಿನ ಬಾಯನ್ನು ತೆರೆದಿಟ್ಟವನಂತೆ ಆಗುವನು.

ಹಾಗಾದರೆ ಚಾರ್ಜರಿನ ಸ್ವಿಚ್ಚನ್ನು ಆರಿಸಬೇಕೇಕೆ? ದುಡ್ಡಿಗಾಗಿಯಲ್ಲ, ಜೀವಕ್ಕಾಗಿ. ೨೦೨೩ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕಾರವಾರ ತಾಲೂಕಿನ ಹಳ್ಳಿಯೊಂದರಲ್ಲಿ, ಸ್ವಿಚ್ಚು ಆರಿಸದೆ ಬಿಟ್ಟಿದ್ದ ಚಾರ್ಜರಿನ ವಯರಿನ ತುದಿಯನ್ನು ಬಾಯಲ್ಲಿಟ್ಟುಕೊಂಡ ಎಂಟು ತಿಂಗಳ ಕೂಸು ಅಸುನೀಗಿತು. ಗೋಡೆಯಲ್ಲಿರುವುದು ೨೩೦ ವೋಲ್ಟು. ಸಾಮಾನ್ಯ ಚಾರ್ಜರಿನ ತುದಿಯಲ್ಲಿರತಕ್ಕದ್ದು ಸುಮಾರು ೫ ವೋಲ್ಟು. ಇವೆರಡನ್ನೂ ಬೇರ್ಪಡಿಸುವ ಅಂತರವೂ ಹೊದಿಕೆಯೂ ಚಾರ್ಜರಿನ ಒಳಗೆ ಇರಬೇಕು. ಸಂತೆಯಲ್ಲಿ ಅಗ್ಗಕ್ಕೆ ದೊರೆಯುವ ನಕಲಿ ಮಾಲಿನಲ್ಲಿ ಈ ಅಂತರವನ್ನೇ ಉಳಿಸಿರುತ್ತಾರೆ. ಅದು ಕೆಟ್ಟರೆ ೨೩೦ ವೋಲ್ಟೇ ವಯರಿನ ತುದಿಗೆ ಬರಬಹುದು. ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತೂ ‘ಆರ್’ ಅಕ್ಷರದ ಮುಂದೆ ಎಂಟು ಅಂಕಿಗಳ ಸಂಖ್ಯೆಯೂ ಇದೆಯೇ ಎಂದು ನೋಡತಕ್ಕದ್ದು. ಬೀಜದ ಚೀಲದ ಮೇಲಿನ ಚೀಟಿಯನ್ನು ಓದಿ ಕೊಳ್ಳುವ ರೈತನಿಗೆ ಇದೇನು ಕಠಿಣವಲ್ಲ.

ಹಾಸಿಗೆ ದಿಂಬುಗಳ ಕೆಳಗಾಗಲಿ, ಕಣಿಕೆ, ಹೊಟ್ಟು ಒಟ್ಟಿದ ಕೋಣೆಯಲ್ಲಾಗಲಿ ಮೊಬೈಲನ್ನು ಚಾರ್ಜಿಗೆ ಇಡಬಾರದು. ಬ್ಯಾಟರಿ ಉಬ್ಬಿದ ಮೊಬೈಲನ್ನು ಮತ್ತೆ ಚಾರ್ಜು ಮಾಡಲೇಬಾರದು. ಹಸಿ ಕೈಯಿಂದ ಸ್ವಿಚ್ಚು ಮುಟ್ಟಬಾರದು. ಮುಂಗಾರಿನ ಮುಂಚೆ ಗುಡುಗು ಮಿಂಚು ತೊಡಗಿದೊಡನೆ ಚಾರ್ಜರನ್ನು ಗೋಡೆಯಿಂದ ತೆಗೆಯಬೇಕು. ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ೩೦ ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಕೂಡಿಸಿ, ಅರ್ಥಿಂಗನ್ನು ಸರಿಯಾಗಿಟ್ಟರೆ ಎಷ್ಟೋ ಮರಣಗಳು ತಪ್ಪುವುವು. ಯಾರಿಗಾದರೂ ವಿದ್ಯುತ್ ಹಿಡಿದರೆ ಅವರನ್ನು ಮುಟ್ಟದೆ, ಮೊದಲು ಮುಖ್ಯ ಸ್ವಿಚ್ಚನ್ನು ಆರಿಸತಕ್ಕದ್ದು.

ಜಮೀನುದಾರರಿಗೆ ವಿಶೇಷವಾಗಿ ಒಂದು ಮಾತು. ತೋಟದ ಮನೆಗಳಲ್ಲಿ ಪಂಪಿನ ಪೆಟ್ಟಿಗೆಯಿಂದಲೇ ಬರಿಯ ತಂತಿಗಳನ್ನೆಳೆದು ಮೊಬೈಲು ತುಂಬಿಸುವ ರೂಢಿಯು ನಮ್ಮ ಸಂಚಾರದಲ್ಲಿ ಹಲವೆಡೆ ಕಣ್ಣಿಗೆ ಬೀಳುತ್ತದೆ. ಕಬ್ಬು ಕಡಿಯಲು ಬಂದವರು ತಮ್ಮ ಊರಿನೊಡನೆ ಮಾತನಾಡಲು ಇರುವುದು ಅದೊಂದೇ ಸಾಧನವಾದುದರಿಂದ, ಅವರೂ ಒದ್ದೆ ನೆಲದ ಮೇಲೆ ನಿಂತು ಅದೇ ತಂತಿಗೆ ಕೈ ಹಾಕುತ್ತಾರೆ. ಅವರನ್ನು ಬೈದು ಅಟ್ಟುವುದರಿಂದ ಈ ಕೆಲಸ ನಿಲ್ಲುವುದಿಲ್ಲ, ಕದ್ದು ಮಾಡುವರಷ್ಟೆ. ಒಣಗಿದ ಜಾಗದಲ್ಲಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಮನೆಯ ಮೀಟರಿನಿಂದಲೇ ಒಂದು ಒಳ್ಳೆಯ ಪ್ಲಗ್ಗಿನ ಹಲಗೆಯನ್ನು ಅವರಿಗಾಗಿ ಕೂಡಿಸಿಕೊಡುವುದು ಒಡೆಯನ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಹತ್ತು ಮೊಬೈಲುಗಳಿಗೂ ದಿನಕ್ಕೆ ಕಾಲು ಯೂನಿಟ್ಟಿನಷ್ಟೇ ಹೋಗುವುದು.

ಗೃಹಜ್ಯೋತಿಯಲ್ಲಿ ವಿದ್ಯುತ್ತು ಉಚಿತವಾಗಿರುವಾಗ ಉಳಿಸುವುದೇಕೆಂಬ ವಾದವೂ ಕೇಳಿಬರುತ್ತದೆ. ೨೦೨೩ರಲ್ಲಿ ಆರಂಭವಾದ ಈ ಯೋಜನೆಗೆ ಮಿತಿಯುಂಟೆಂಬುದನ್ನು ಮರೆಯಲಾಗದು. ತಿಂಗಳ ಬಳಕೆಯು ೨೦೦ ಯೂನಿಟ್ಟನ್ನು ಮೀರಿದರೆ ಆ ತಿಂಗಳ ಪೂರ್ಣ ಬಿಲ್ಲನ್ನು ತೆರಬೇಕಾಗುವುದು. ಅದಲ್ಲದೆ, ಬೇಸಿಗೆಯಲ್ಲಿ ಭಾರ ಹೆಚ್ಚಿ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟರೆ ಕುಡಿಯುವ ನೀರಿಗೂ ಬೆಳೆಗೂ ಒಂದೇ ಸಲ ಸಂಕಟ. ಆ ನಷ್ಟವನ್ನು ಯಾವ ಯೋಜನೆಯೂ ತುಂಬಿಕೊಡಲಾರದು. ಹುಕ್ಕೇರಿಯವರಿಗಂತೂ ವಿದ್ಯುತ್ತನ್ನು ಹಂಚುವುದು ತಮ್ಮದೇ ಸಂಘವಾದುದರಿಂದ, ಉಳಿಸಿದುದು ತಮ್ಮ ಮನೆಗೇ ಉಳಿದಂತೆ.

ಊರಿನ ಹಿರಿಯರು ಮೊದಲು ತಮ್ಮ ಮನೆಯಲ್ಲಿಯೂ ಕೊಟ್ಟಿಗೆಯಲ್ಲಿಯೂ ದೀಪಗಳನ್ನು ಬದಲಿಸಿ, ಪಂಪಿನ ಕೋಣೆಯ ಬರಿಯ ತಂತಿಗಳನ್ನು ತೆಗೆಸಿ, ಸೋರಿಕೆ ತಡೆಯುವ ಸ್ವಿಚ್ಚನ್ನು ಹಾಕಿಸಲಿ. ಹಿರಿಯರ ಮನೆಯಲ್ಲಿ ನಡೆದುದನ್ನು ಊರು ನೋಡುತ್ತದೆ. ಬರುವ ಕಬ್ಬಿನ ಹಂಗಾಮಿಗೆ ಮುಂಚೆಯೇ ಈ ಕೆಲಸವು ಮುಗಿಯುವುದು ಲೇಸು.